ಮಾವನ ರುಮಾಲು, ಕಾಕಾನ ತಕರಾರು

ಸಿಂಧನೂರಿನಲ್ಲಿ ನಾನು ಫ್ಲೆಕ್ಸ್ ಬ್ಯಾನರ್ ಡಿಸೈನ್ ಮಾಡುತ್ತೇನೆ. ಕಂಪ್ಯೂಟರ್ ಕೆಲಸ ಎಂದು ಮನೆಯವರು ನಂಬಿದ್ದಾರೆ. ನಿಜ ಹೇಳಬೇಕೆಂದರೆ ಇದು ಬೀಗರ ಪಂಚಾಯಿತಿ. ನಮ್ಮ ಕಡೆ ಬ್ಯಾನರಿನ ಕೆಳಗೆ ಶುಭ ಕೋರುವವರ ಫೋಟೋ ಇರಲೇಬೇಕು, ಯಾರ ಮುಖ ಎಷ್ಟು ದೊಡ್ಡದೋ ಅವರ ಮರ್ಯಾದೆಯೂ ಅಷ್ಟೇ ದೊಡ್ಡದು.

ಹೋದ ವರ್ಷ ಮಸ್ಕಿಯಿಂದ ಕುರಿ ಕಾಯುವ ಹಿರಿಯರೊಬ್ಬರು ಬಂದರು. ಮಗಳಿಗೆ ಕಾರವಾರದಲ್ಲಿ ಸರ್ಕಾರಿ ನರ್ಸ್ ನೌಕರಿ ಸಿಕ್ಕಿತ್ತು. ದಿನಾ ಲಿಂಗಸುಗೂರಿನ ಆಸ್ಪತ್ರೆಯೊಂದಕ್ಕೆ ಹೋಗಿ ಬರುತ್ತಿದ್ದವಳು ಸೋಮವಾರ ಅಲ್ಲಿಯ ಕೆಲಸ ಬಿಟ್ಟು ಬಂದು, ಬುಧವಾರ ಕಾರವಾರಕ್ಕೆ ಹೊರಡುವವಳಿದ್ದಳು.

"ಅಕ್ಕಾರ, ಬಸ್ಸಿನ ಕಿಟಕ್ಯಾಗಿಂದನ ಆಕಿಗೆ ಆಕಿ ಮಾರಿ ಕಾಣಬೇಕ್ರಿ. ಬ್ಯಾರೆ ಏನೂ ಬ್ಯಾಡ."

ಇಂಥ ಸರಳ ಗಿರಾಕಿ ಸಿಕ್ಕರಲ್ಲ ಎಂದು ಖುಷಿಪಟ್ಟೆ. ನಡುವೆ ಹುಡುಗಿ, ಕೆಳಗೆ ಅವಳ ಸೋದರಮಾವ ಮತ್ತು ಕಾಕಾ. ಮಾಡಿ ಅವರ ಫೋನಿಗೆ ಕಳಿಸಿದೆ. ಅಲ್ಲಿಂದ ಸುರುವಾಯಿತು ನನ್ನ ಗ್ರಹಚಾರ.

ಮೊದಲು ಕಾಕಾ ಫೋನ್ ಮಾಡಿದರು. "ಮಾವಂದು ದೊಡ್ಡದು ಹಾಕೀರಿ. ನಾ ಹೆಬ್ಬಟ್ಟು ಇಟ್ಟು ಅಳದೀನಿ."

ಮುಖಗಳು ಒಂದೇ ಅಳತೆಯವು. ಮಾವ ತಲೆಗೆ ರುಮಾಲು ಸುತ್ತಿದ್ದರು, ಹೆಚ್ಚಾಗಿದ್ದು ಅದು. ಹಾಗೆಂದೆ.

"ಹಂಗಾರ ನನಗೂ ಒಂದು ರುಮಾಲು ಸುತ್ರಿ."

ಮಾವನದನ್ನೇ ನಕಲು ಮಾಡಿ ಸುತ್ತಿದೆ. ಮಾವ ಸಿಟ್ಟಾದರು: "ನನ್ನ ರುಮಾಲು ಅವನ ತಲಿ ಮ್ಯಾಲ ಯಾಕ ಬಂತು?" ಗುರುತು ಹಿಡಿದಿದ್ದರು ಪುಣ್ಯಾತ್ಮ. ಸಮಾಧಾನಕ್ಕೆಂದು ಅವರನ್ನು ಸ್ವಲ್ಪ ಬೆಳೆಸಿದೆ. ಕಾಕಾ ಬಿಟ್ಟಾರೆಯೇ? "ನಂದು ದೊಡ್ಡದು ಮಾಡಬ್ಯಾಡ್ರಿ, ಒಂದೀಟು ಮುಂದ ತರ್ರಿ ಸಾಕು" ಎಂದರು. ಅಳಿಯ ಅಲ್ಲ, ಮಗಳ ಗಂಡ ಅಂದಂತಾಯಿತು. ಅವರನ್ನೂ ಮುಂದಕ್ಕೆ ಎಳೆದೆ.

ಶನಿವಾರ ಹುಡುಗಿಯ ಅಪ್ಪ ಫೋನ್ ಮಾಡಿದರು. "ಎಲ್ಲಾರೂ ಚಲೋ ಕಾಣಾಕತ್ತಾರ್ರಿ. ನನ್ನ ಮಗಳು ಎಲ್ಲಿ ಅದಾಳ?"

ತೆರೆದು ನೋಡಿದೆ. ಎರಡು ರುಮಾಲುಗಳ ಸಂದಿನಲ್ಲಿ ಅವಳ ಕಣ್ಣುಗಳಷ್ಟೇ ಉಳಿದಿದ್ದವು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಾವ, ಕಾಕಾ ಇಬ್ಬರನ್ನೂ ಲಿಂಬೆಹಣ್ಣಿನಷ್ಟು ಮಾಡಿ ಮೂಲೆಗೆ ಕೂಡಿಸಿದೆ. ಹುಡುಗಿಯನ್ನು ಅಂಚಿನಿಂದ ಅಂಚಿಗೆ ಹಿಗ್ಗಿಸಿ, ಯಾರಿಗೂ ತೋರಿಸದೆ ಪ್ರಿಂಟಿಗೆ ಕೊಟ್ಟೆ. ಇಬ್ಬರ ನಂಬರನ್ನೂ ಬ್ಲಾಕ್ ಮಾಡಿ ಊಟಕ್ಕೆ ಹೋದೆ.

ಸೋಮವಾರ ಸಂಜೆ ಹೊಸ ನಂಬರಿನಿಂದ ಫೋನ್ ಬಂತು. ಕಾಕಾ ಯಾರದೋ ಫೋನು ಇಸಕೊಂಡಿದ್ದಾರೆಂದು ತಿಳಿದು, "ಇನ್ನ ಏನೂ ಬದಲಿ ಮಾಡಂಗಿಲ್ಲ, ಏನ್ ಮಾಡ್ಕೋತೀರಿ ಮಾಡ್ಕೊರಿ" ಎಂದೆ.

"ಅಕ್ಕಾರ, ನಾನ್ರಿ, ಬ್ಯಾನರಿನ ಹುಡುಗಿ. ಬಸ್ಸಿನ್ಯಾಗಿಂದನ ಕಾಣ್ತು. ಆದ್ರ ಒಂದು ಬದಲಿ ಐತ್ರಿ. ಅಪ್ಪಂದು ಫೋಟೋನ ಇಲ್ಲ."

ಇಷ್ಟೆಲ್ಲ ಜಗ್ಗಾಟದಲ್ಲಿ ಅವರ ಫೋಟೋ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವಳ ಪಕ್ಕದಲ್ಲೇ ಅಪ್ಪ ಮಾತಾಡುವುದು ಕೇಳಿಸಿತು: "ನಂದ್ಯಾಕ ಯವ್ವಾ, ನನ್ನ ಮಾರಿ ದಿನಾ ನೋಡ್ತಿ."

"ಕಾರವಾರದಾಗ ಎಲ್ಲಿ ನೋಡ್ಲಿ? ಇದರ ಫೋಟೋ ಹೊಡಕೊಂಡು ಒಯ್ತೀನಿ."

"ಎಷ್ಟು ದೊಡ್ಡದು ಹಾಕಲಿ?" ಎಂದು ಕೇಳಿದೆ.

"ನನ್ನಷ್ಟ."

ಮಂಗಳವಾರ ಹೊಸ ಬ್ಯಾನರ್ ಸುತ್ತಿಕೊಂಡು ನಾನೇ ಮಸ್ಕಿ ಬಸ್ಸು ಹತ್ತಿದೆ. ಅಲ್ಲಿ ಅದನ್ನು ಕಟ್ಟಿಸಿದಾಗ ಬ್ಯಾನರಿನಲ್ಲಿ ಅಪ್ಪ, ಮಗಳು ಸಮಸಮವಾಗಿ ಮೇಲೇರಿದರು. ಮಗಳು ಫೋನು ಹಿಡಿದು ಹಿಂದೆ ಸರಿದಳು. ಅಪ್ಪ ತಲೆ ಎತ್ತಿ ತುಂಬ ಹೊತ್ತು ನೋಡಿ, ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು:

"ಅಕ್ಕಾರ, ಆಕಿಂದು ಒಂದೀಟು ದೊಡ್ಡದು ಮಾಡಾಕ ಬರತಿತ್ತಿಲ್ರಿ?"