ಮಬ್ಬಿಗೆ ಆಗುವ ಕ್ಯಾಮೆರಾ

ಎರಡು ವರ್ಷಗಳ ಹಿಂದೆ, ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಬೇಕೆಂದು ನಾನು ಮಂಗಳೂರಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಎಲ್ಲ ಕಡೆಯೂ ನನ್ನದು ಒಂದೇ ಪ್ರಶ್ನೆ, ಮಬ್ಬು ಬೆಳಕಿಗೆ ಆಗುವಂಥದ್ದು ಉಂಟಾ ಎಂದು. ಎಂತ ತೆಗೀಲಿಕ್ಕೆ ಎಂದು ಅಂಗಡಿಯವರು ಕೇಳುತ್ತಿದ್ದರು. ದಿನಾ ಸಂಜೆ ಮನೆಯಲ್ಲಿ ಹೀಗೇ ಏನಾದರೂ, ಎನ್ನುತ್ತಿದ್ದೆ. ಹಸಿ ಸುಳ್ಳು. ನನಗೆ ಫೋಟೋ ಬೇಕಾಗಿಯೇ ಇರಲಿಲ್ಲ. ಕತ್ತಲು ಕವಿದರೆ ಜೆಪ್ಪುವಿನ ನಮ್ಮ ಮನೆಯ ಮೆಟ್ಟಿಲು ನನಗೆ ಕಾಣುತ್ತಿರಲಿಲ್ಲ, ಅದು ಯಾರಿಗೂ ಗೊತ್ತಾಗಬಾರದಿತ್ತು.

ಅನುಮಾನ ಹುಟ್ಟಿದ್ದು ಬಂದರಿನಲ್ಲಿ. ಅಲ್ಲಿಯ ಒಂದು ಸಗಟು ಅಂಗಡಿಯಲ್ಲಿ ನನ್ನ ಕೆಲಸ. ಬಿಸಿಲಿನಿಂದ ಗೋಡೌನಿನೊಳಗೆ ಕಾಲಿಟ್ಟರೆ ಬೇರೆಯವರಿಗೂ ಒಂದು ಗಳಿಗೆ ಕಣ್ಣು ಕತ್ತಲೆ ಕಟ್ಟುತ್ತದೆ, ಆಮೇಲೆ ಬಿಡುತ್ತದೆ. ನನಗೆ ಬಿಡುತ್ತಲೇ ಇರಲಿಲ್ಲ. ಮೆಣಸಿನ ಮೂಟೆಗೆ ಎರಡು ಸಲ ಎಡವಿ ಬಿದ್ದೆ, ಎರಡು ಸಲವೂ ಮೂಟೆ ಇಟ್ಟವರ ಜನ್ಮ ಜಾಲಾಡಿದೆ. ಮೂರನೆಯ ಸಲ ಬಿದ್ದಾಗ ಬೈಯಲು ಬಾಯಿ ಬರಲಿಲ್ಲ. ಆ ಮೂಟೆಯನ್ನು ಅಲ್ಲಿ ಇಡಿಸಿದವನು ನಾನೇ.

ನನ್ನ ಸೋದರಮಾವನಿಗೆ ಹೀಗೇ ಆಗಿತ್ತು. ಸೋದರಮಾವನನ್ನು ತುಳುವಿನಲ್ಲಿ ನಾವು ತಮ್ಮಲೆ ಎನ್ನುತ್ತೇವೆ. ಸಂಜೆಯಾದರೆ ಅವರು ಜಗಲಿಯ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಎದ್ದರೆ ಹಣೆ ಬಾಗಿಲಿಗೆ ಬಡಿಯುತ್ತಿತ್ತು. ಅವರು ಗುಟ್ಟಾಗಿ ಕುಡಿಯುತ್ತಾರೆಂದೇ ನಾನೂ ಅಕ್ಕನೂ ನಂಬಿದ್ದೆವು. ಅವರ ಹಿಂದಿನಿಂದ ತೂರಾಡುತ್ತ ನಡೆದು ಅಣಕಿಸುತ್ತಿದ್ದೆವು. ಐವತ್ತು ದಾಟುವಾಗ ಅವರಿಗೆ ಹಗಲೂ ಕಾಣದಾಯಿತು. ಇದು ತಾಯಂದಿರ ಮೂಲಕ ಗಂಡುಮಕ್ಕಳಿಗೆ ಇಳಿಯುವ ಕಾಯಿಲೆ ಎಂದು ಡಾಕ್ಟರು ಹೇಳಿದರು.

ನಮ್ಮದು ಅಳಿಯಕಟ್ಟಿನ ಮನೆತನ. ಮಾವನ ಆಸ್ತಿ ಅವನ ಮಗನಿಗಲ್ಲ, ತಂಗಿಯ ಮಗನಿಗೆ ಎಂಬುದು ಹಿಂದಿನವರ ಕ್ರಮ. ಡಾಕ್ಟರ ಮಾತು ಕೇಳಿ ಬಂದ ದಿನ ತಮ್ಮಲೆ ನನ್ನ ತಲೆ ಸವರಿದರು. “ಗದ್ದೆ ಎಲ್ಲ ಉಳುವವನೇ ಒಡೆಯ ಅಂತ ಡಿಕ್ಲರೇಶನ್‌ನಲ್ಲಿ ಒಕ್ಕಲಿನವರಿಗೆ ಹೋಯ್ತು. ಅಳಿಯನಿಗೆ ಕೊಡ್ಲಿಕ್ಕೆ ಇನ್ನು ಇದೊಂದೇ ಉಂಟು,” ಎಂದರು. ಎಲ್ಲರೂ ನಕ್ಕರು, ಅರ್ಥವಾಗದೆ ನಾನೂ ನಕ್ಕೆ.

ನಲವತ್ತರ ಹತ್ತಿರ ಬಂದಾಗ ಅರ್ಥವಾಯಿತು. ಡಾಕ್ಟರ ಹತ್ತಿರ ಹೋಗಬಹುದಿತ್ತು. ಹೆದರಿಕೆ, ಮತ್ತೆಂತ! ಹೋದರೆ ಹೌದು ಎಂದುಬಿಡುತ್ತಾರೆ. ನನಗೆ ಉಂಟೆಂದಾದರೆ ಅದು ಅಮ್ಮನಿಂದ ಬಂದದ್ದು. ಅಮ್ಮನಿಂದ ಅಕ್ಕನಿಗೂ ದಾಟಿರಬಹುದು. ಅಕ್ಕನಿಗೆ ಇರುವುದು ಒಬ್ಬನೇ ಮಗ. ಭಾವ ಗಲ್ಫಿನಲ್ಲಿದ್ದುದರಿಂದ ತಾಯಿ ಮಗ ಇಬ್ಬರೂ ನನ್ನ ಜೊತೆಗೇ ಇದ್ದರು, ಅವನು ಪಿಯುಸಿ ಓದುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವನಿಗೆ ಏನೂ ಆಗುವುದಿಲ್ಲ ಎಂದು ನನ್ನ ಹುಚ್ಚು ಮನಸ್ಸು ಹೇಳುತ್ತಿತ್ತು.

ಟಾರ್ಚ್ ಹಿಡಿದು ನಡೆದರೆ ಜನ ಎಂತ ಆಯ್ತು ಎಂದು ಕೇಳುತ್ತಾರೆ. ಕ್ಯಾಮೆರಾ ಹಿಡಿದವನನ್ನು ಯಾರೂ ಕೇಳುವುದಿಲ್ಲ, ಏನೋ ಮರ್ಲು, ಫೋಟೋದ ಹುಚ್ಚು ಎಂದು ಸುಮ್ಮನಾಗುತ್ತಾರೆ. ಮೊಬೈಲ್ ಆಗುವುದಿಲ್ಲವೇ ಎಂದರೆ, ಆಗುವುದಿಲ್ಲ. ಕತ್ತಲಲ್ಲಿ ಅದು ಮೂರು ಸೆಕೆಂಡ್ ಅಲ್ಲಾಡಬೇಡ ಎನ್ನುತ್ತದೆ, ಮೂರು ಸೆಕೆಂಡಿನಲ್ಲಿ ನಾನು ಚರಂಡಿಯಲ್ಲಿರುತ್ತೇನೆ. ನನಗೆ ಬೇಕಾದದ್ದು ನಡೆಯುತ್ತಿರುವಾಗಲೇ ಎದುರಿನದನ್ನು ಪರದೆಯಲ್ಲಿ ಬೆಳಗಿ ತೋರಿಸುವಂಥದ್ದು, ಕಿಸೆಯಲ್ಲಿ ಹಿಡಿಯುವಷ್ಟು ಸಣ್ಣದು. ಮೊದಲು ನೋಡಿದ್ದರಲ್ಲಿ ದೂರದ ಹಕ್ಕಿಯ ಕಣ್ಣೂ ಕಾಣುತ್ತಿತ್ತು, ಆದರೆ ಮಬ್ಬಿನಲ್ಲಿ ಅದಕ್ಕೂ ನನ್ನದೇ ಕಾಯಿಲೆ. ಎರಡನೆಯದರ ಪರದೆ ಕತ್ತಲಲ್ಲಿ ತಡವರಿಸುತ್ತಿತ್ತು, ನಾನು ಒಂದು ಹೆಜ್ಜೆ ಮುಂದೆ ಹೋದಮೇಲೆ ಹಿಂದಿನ ಹೆಜ್ಜೆ ತೋರಿಸುತ್ತಿತ್ತು. ಸೆನ್ಸರ್ ದೊಡ್ಡದಿರಬೇಕು, ಹೆಚ್ಚು ಬೆಳಕು ಒಳಬಿಡುವ ಎಫ್ ಒಂದು ಪಾಯಿಂಟ್ ಎಂಟರ ಲೆನ್ಸಾದರೂ ಇರಬೇಕು ಎಂದು ವಿಡಿಯೋ ನೋಡಿ ನೋಡಿ ಕಲಿತೆ. ಪರೀಕ್ಷೆಗೆ ಕೂಡ ನಾನು ಅಷ್ಟು ಓದಿದವನಲ್ಲ.

ಸುರತ್ಕಲ್‌ನಲ್ಲಿ ನಿವೃತ್ತರೊಬ್ಬರು ಅಂಥದ್ದೇ ಒಂದನ್ನು ಮಾರುವವರಿದ್ದಾರೆಂದು ಗೊತ್ತಾಯಿತು. ಹೋಗಿ ಬರುವಾಗ ಸಂಜೆಯಾಗುತ್ತದೆ. ಸ್ಕೂಟರಿನ ಬ್ರೇಕ್ ಸರಿಯಿಲ್ಲ, ಕಾರಿನಲ್ಲಿ ಕರೆದುಕೊಂಡು ಹೋಗು ಎಂದು ಅಕ್ಕನಿಗೆ ಹೇಳಿದೆ. ಮೂರು ತಿಂಗಳಿಂದ ಅದೇ ಬ್ರೇಕಿನ ಕಥೆ. ಅವಳು ಕಾರಿನ ಕೀಲಿ ತೆಗೆದುಕೊಂಡಳು.

ಆ ಮನುಷ್ಯ ಬಹಳ ಒಳ್ಳೆಯವರು, ಕ್ಯಾಮೆರಾವನ್ನು ಮೆತ್ತಗಿನ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಕತ್ತಲಲ್ಲಿ ಹೇಗೆ ಎಂದು ನಾನು ನಾಲ್ಕು ಸಲ ಕೇಳಿದ್ದಕ್ಕೆ, ನೀವೇ ನೋಡಿ ಎಂದು ನಮ್ಮಿಬ್ಬರನ್ನೂ ಮಾಳಿಗೆ ಮೆಟ್ಟಿಲಿನ ಅಡಿಯ ಸಾಮಾನಿನ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಬಾಗಿಲ ಸಂದಿನಿಂದ ಸ್ವಲ್ಪ ಬೆಳಕು ಬರ್ತದಲ್ಲ, ಇದಕ್ಕೆ ಅಷ್ಟೇ ಸಾಕು ಎಂದರು. ನನಗೆ ಬೆಳಕಿನ ಒಂದು ಎಳೆಯೂ ಕಾಣಲಿಲ್ಲ. ಕ್ಯಾಮೆರಾ ಎತ್ತಿದೆ. ಪರದೆಯಲ್ಲಿ ಅಕ್ಕಿ ಡ್ರಮ್ಮು ಬಂತು, ಕಾಲು ಮುರಿದ ಕುರ್ಚಿ ಬಂತು, ಹಳೆಯ ಕ್ಯಾಲೆಂಡರ್ ಬಂತು. ಅಬ್ಬ, ದೇವರೇ!

ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದೆ. ಅಲ್ಲಿ ಅಕ್ಕ ಇದ್ದಳು. ಮೂರು ಬೆರಳು ಎತ್ತಿ ನನ್ನ ಕಡೆಗೇ ಹಿಡಿದಿದ್ದಳು. ಮುಖದಲ್ಲಿ ನಗು ಇರಲಿಲ್ಲ.

“ಎಷ್ಟು?” ಎಂದಳು.

“ಮೂರು.”

“ಕ್ಯಾಮೆರಾ ಕೆಳಗೆ ಮಾಡು. ಈಗ ಎಷ್ಟು?”

ಕೆಳಗೆ ಮಾಡಿದೆ. ಎದುರಿಗೆ ಕಪ್ಪು, ಅಷ್ಟೇ. “ಮೂರೇ. ಎಂತ ನಿನ್ನ ಮಕ್ಕಳಾಟ,” ಎಂದು ರೇಗಿದೆ.

ಆ ಪಾಪದ ಮನುಷ್ಯ ನನ್ನನ್ನು ತಿದ್ದಿದರು. “ಅವರು ಕೈ ಕೆಳಗೆ ಹಾಕಿದ್ರಲ್ಲ ಮಾರಾಯ್ರೇ.”

ಹೇಗೋ ಮಾತು ಮುಗಿಸಿ ಕ್ಯಾಮೆರಾ ತೆಗೆದುಕೊಂಡು ಹೊರಬಿದ್ದೆವು. ಕಾರಿನಲ್ಲಿ ಅಕ್ಕ ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಯಾವಾಗಿಂದ ಎಂದು ಮಾತ್ರ ಕೇಳಿದಳು. ನಾಲ್ಕು ವರ್ಷ ಎಂದೆ. ಕೂಳೂರು ಸೇತುವೆ ದಾಟಿದ ಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು:

“ಕಳೆದ ವಾರ ಕರೆಂಟು ಹೋದಾಗ ಮಗನ ಹತ್ರವೂ ಹೀಗೇ ಕೇಳಿದೆ. ಅವನೂ ಮೂರು ಅಂದ. ನಾನು ಕೈಯೇ ಎತ್ತಿರ್ಲಿಲ್ಲ.”

ಇಷ್ಟು ದಿನ ಬಾಯಿ ಮುಚ್ಚಿ ನಾನು ಕಾಪಾಡಿದ್ದು ಇದನ್ನೇ. ಅವನನ್ನು ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ, ಎಲ್ಲ ಕಾಣುತ್ತದೆ ಎಂದೇ ಹೇಳುತ್ತಾನೆ ಎಂದಳು ಅಕ್ಕ. ನಾಳೆ ಡಾಕ್ಟರ ಹತ್ತಿರ ಹೋಗು ಎಂದು ಅವನಿಗೆ ಹೇಳುವ ಧೈರ್ಯವೂ ಅವಳಿಗಿರಲಿಲ್ಲ. “ನೀನು ಹೇಳಿದ್ರೆ ಅವನೂ ಹೇಳಿಯಾನು,” ಎಂದಳು.

ಮನೆ ಮುಟ್ಟುವಾಗ ಮುಸ್ಸಂಜೆ. ನಮ್ಮ ಗೇಟಿನಿಂದ ಜಗಲಿಗೆ ಏಳು ಮೆಟ್ಟಿಲು. ಜಗಲಿಯಲ್ಲಿ ದೀಪ ಉರಿಯುತ್ತಿತ್ತು, ಅದರ ಬೆಳಕು ಮೆಟ್ಟಿಲಿಗೆ ಬೀಳುವುದಿಲ್ಲ. ದೀಪದ ಎದುರು ಅಳಿಯ ನಿಂತದ್ದು ನೆರಳಿನ ಹಾಗೆ ಕಾಣುತ್ತಿತ್ತು. ಮೊದಲಾದರೆ ಚಪ್ಪಲಿ ಸರಿಮಾಡುವ ನೆಪದಲ್ಲಿ ಬಗ್ಗಿ, ಕೈಯಿಂದ ಮುಟ್ಟಿ ಹತ್ತುತ್ತಿದ್ದೆ. ಆ ದಿನ ಗೇಟಿನಲ್ಲೇ ನಿಂತೆ.

“ಮಾರಾಯ, ಇಳಿದು ಬಂದು ಒಂದು ಕೈ ಕೊಡು. ನಂಗೆ ಮೆಟ್ಟಿಲು ಕಾಣುದಿಲ್ಲ. ನಾಲ್ಕು ವರ್ಷ ಆಯ್ತು.”

ಕ್ಯಾಮೆರಾ ಎತ್ತಿ ನೋಡಿದೆ. ಅವನು ಗೋಡೆಗೆ ಅಂಗೈ ಒತ್ತಿ, ಬಲಗಾಲಿನ ಹೆಬ್ಬೆರಳಿನಿಂದ ಮೆಟ್ಟಿಲಿನ ಅಂಚು ಹುಡುಕುತ್ತಿದ್ದ. ನಾನು ದಿನಾ ಇಳಿಯುವುದು ಹಾಗೆಯೇ. ಎರಡು ಮೆಟ್ಟಿಲು ಇಳಿದು ನಿಂತುಬಿಟ್ಟ.

“ತಮ್ಮಲೆ,” ಎಂದ, “ನಂಗೂ ಕಾಣುದಿಲ್ಲ.”

ಅಲ್ಲೇ ನಿಲ್ಲು ಎಂದೆ. ಪರದೆ ನೋಡಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ, ಅವನಿದ್ದಲ್ಲಿಗೆ ಹೋದೆ.