ಕಾಲಿಗೆ ಬಿದ್ದ ಪೈಲ್ವಾನ

ಕಬಡ್ಡಿ ಅಂಪೈರ್ ಕೆಲಸಕ್ಕಂತ ಬಸ್ಸಿನಾಗ ಅಕ್ಕಿಆಲೂರಿಗೆ ಹೊಂಟಿದ್ನಿ. ಪಕ್ಕದ ಸೀಟಿನ ಪೈಲ್ವಾನನಂಥಾ ಮನುಷ್ಯಾ ಮೊಬೈಲ್‌ನಾಗ ಬರ್ಫದ ಮ್ಯಾಲ ಆಡೂ ಐಸ್-ಹಾಕಿ ಮ್ಯಾಚ್ ನೋಡಾಕತ್ತಿದ್ದ. ಆಟಗಾರರಿಬ್ಬರು ಕೈಗವಸು ಬಿಸಾಕಿ ಗುದ್ದಾಡಾಕತ್ತಿದ್ರು. ಅಂಪೈರ್ ಸುಮ್ನ ನಿಂತಿದ್ದ.

"ಅಂವಾ ಬಿಡಸೂದಿಲ್ಲೇನ್ರಿ?" ಅಂದ್ನಿ.

"ಒಬ್ಬಾಂವ ಬೀಳೂತನಕಾ ಇಲ್ರಿ. ಇವರನ್ನ ಟೀಮಿನಾಗ ಇಟ್ಕೊಂಡಿರೂದ ಹೊಡಿಯಾಕ. ನಮ್ಮ ಕಬಡ್ಡಿ ಟೀಮಿನಾಗ ಆ ಕೆಲಸ ನಂದು. ನಮ್ಮ ಹುಡುಗರಿಗೆ ಯಾರರ ಬೇಕಂತ ಒದ್ದರ ಬಿಡೂದಿಲ್ಲ. ಇವತ್ತೂ ಮ್ಯಾಚ್ ಐತಿ, ಅಕ್ಕಿಆಲೂರಾಗ. ನೀವೆಲ್ಲಿಗ್ರಿ?"

ಕೊಳ್ಳಾಗಿನ ಸೀಟಿ ಮೆಲ್ಲಕ ಅಂಗಿಯೊಳಗ ತುರುಕಿದ್ನಿ.

"ಅಲ್ಲಿಗೇರಿ. ಬೀಗರ ಮನಿಗೆ."

ಮ್ಯಾಚ್ ಶುರು ಆಗೂ ಮುಂದ ಎಲ್ಲಾರಂಗ ಅಂವನೂ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಬಗ್ಗಿದಾಗನ ಮೆತ್ತಗ ಕೇಳಿದ:

"ಬೀಗರು ಆರಾಮ ಅದಾರೇನ್ರಿ ಸರ?"

ಸ್ಕೋರ್ ಶೀಟಿನಾಗ ಅವನ ಹೆಸರಿನ ಮುಂದ ಒಂದೂ ಫೌಲ್ ಇಲ್ಲ. ಅಂವ ಮಾಡಿಲ್ಲಂತ ನಾ ಹೇಳಾಕತ್ತಿಲ್ಲ.