ಸಹಾಯದ ಫೋನು ಹೊತ್ತವಳು

ಇಡೀ ಕಾಲೇಜು ಅವಳನ್ನು ‘ಅಕ್ಕ’ ಅನ್ನುತ್ತಿತ್ತು. ಕೊನೆಗೆ ಕಸ ಗುಡಿಸುವ ಮುದುಕನಿಗೂ ಅವಳು ಅಕ್ಕನೇ. ವಿದ್ಯಾರ್ಥಿ ಸಂಘದ ಅಧ್ಯಕ್ಷೆ ಎಂದರೆ ಇನ್ನೇನು, ಬೇಡ ಅನ್ನಲು ಬಾರದವಳ ತಲೆಗೆ ಎಲ್ಲರೂ ಸೇರಿ ಕಟ್ಟುವ ಪಟ್ಟ. ಆಪ್ತಸಲಹೆಗಾರ್ತಿ ಕೆಲಸ ಬಿಟ್ಟುಹೋದ ಮೇಲೆ ಪ್ರಿನ್ಸಿಪಾಲರು ಬೇರೆಯವರನ್ನು ತಂದರೇ? ಎಲ್ಲಿಯ ಮಾತು! ಆಕೆಯ ಮೇಜಿನ ಮೇಲಿದ್ದ ಮೊಬೈಲನ್ನು ಇವಳ ಕೈಗಿಟ್ಟು, ‘ಮನಸ್ಸಿಗೆ ಬೇಸರವೇ? ಈ ನಂಬರಿಗೆ ಕರೆ ಮಾಡಿ’ ಎಂದು ಗೋಡೆಗೋಡೆಗೂ ಚೀಟಿ ಅಂಟಿಸಿ ಕೈತೊಳೆದುಕೊಂಡರು.

ಅಂದಿನಿಂದ ಶುರುವಾಯಿತು ನೋಡಿ. ಪ್ರೀತಿ ಮುರಿದವರು, ಪರೀಕ್ಷೆಗೆ ಹೆದರಿದವರು, ಅಪ್ಪನ ಏಟು ತಿಂದವರು, ಹಾಸ್ಟೆಲಿನ ನಲ್ಲಿಯಲ್ಲಿ ನೀರು ಬಾರದವರು, ಎಲ್ಲರ ಗೋಳೂ ಇವಳ ಕಿವಿಗೇ. ಊಟಕ್ಕೆ ಕೂತರೆ ರಿಂಗು, ಬಚ್ಚಲಿಗೆ ಹೋದರೆ ರಿಂಗು. ನಡುರಾತ್ರಿಯೂ ರಿಂಗು. ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ಅಮ್ಮನ ಹತ್ತಿರ ಹೇಳಿಕೊಂಡರೆ, “ಊರಿಗೆಲ್ಲ ಧೈರ್ಯ ಹೇಳೋಳು ನೀನು, ನಿಂಗೇನೇ ಬಂದಿದೆ ರೋಗ?” ಎಂದು ಗದರಿ ಫೋನಿಟ್ಟಳು.

ತಡೆಯಲಾರದೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ, “ಸರ್, ನನ್ ಕೈಲಿ ಆಗ್ತಿಲ್ಲ. ಇದನ್ನ ಬೇರೆ ಯಾರಿಗಾದ್ರೂ ಕೊಡಿ” ಎಂದಳು.

“ಲೀಡರ್ ಆದೋಳು ಹೀಗಾ ಮಾತಾಡೋದು? ಗೆದ್ದಾಗ ಚಪ್ಪಾಳೆ ಬೇಕಿತ್ತು, ಈಗ ಮೂಗು ಮುರೀತೀಯ?” ಅವರು ಕತ್ತೆತ್ತಿಯೂ ನೋಡಲಿಲ್ಲ. “ಲೀಡರ್‌ಗಳಿಗೇ ಅಂತ ಒಂದು ಮನಶ್ಶಾಂತಿ ಶಿಬಿರ ಇಡ್ಸೋಣ. ಸಭಾಂಗಣ, ಮೈಕು, ಕುರ್ಚಿ ಎಲ್ಲ ನೀನೇ ನೋಡ್ಕೋ.”

ಥೂ, ಇವರ ಶಾಂತಿಗಿಷ್ಟು! ಬೇಯುತ್ತಿರುವವಳ ಕೈಗೇ ಸೌದೆ ಕೊಟ್ಟ ಹಾಗೆ. ಅವಳು ಹಲ್ಲು ಕಡಿಯುತ್ತ ಕುರ್ಚಿ ಜೋಡಿಸಿದಳು, ಬ್ಯಾನರು ಕಟ್ಟಿದಳು. ಉಪಾಧ್ಯಕ್ಷನೆಂಬ ಮಹಾಶಯ ಒಂದು ಕುರ್ಚಿ ಮುಟ್ಟಲಿಲ್ಲ. ಬ್ಯಾನರು ಸೊಟ್ಟಗಿದೆ ಎಂದು ಹೇಳಲು ಮಾತ್ರ ಬಂದ.

ಶಿಬಿರದ ದಿನ ನಗುಮುಖದ ತರಬೇತುದಾರ, “ನಿಮ್ ಕಷ್ಟ ಯಾರ ಹತ್ರ ಹೇಳ್ಕೋಬಹುದು? ಈಗ್ಲೇ ಅವ್ರಿಗೊಂದು ಫೋನ್ ಮಾಡಿ. ಯಾರೂ ಇಲ್ವಾ? ಬ್ಯಾನರ್ ಮೇಲೆ ನಿಮ್ ಕಾಲೇಜಿನ ಸಹಾಯದ ನಂಬರೇ ಇದೆಯಲ್ಲ” ಎಂದ.

ನಿದ್ದೆಗೆಟ್ಟ ತಲೆ. ಅವಳು ತನ್ನ ಸ್ವಂತ ಮೊಬೈಲಿನಿಂದ ಬ್ಯಾನರಿನ ನಂಬರು ಒತ್ತಿಬಿಟ್ಟಳು. ಮಡಿಲಲ್ಲಿದ್ದ ಸಹಾಯದ ಫೋನು ಹೊಡೆದುಕೊಂಡಿತು. ರೂಢಿಯಂತೆ ಎತ್ತಿ, “ಹಲೋ, ಹೇಳಿ, ಏನಾಯ್ತು?” ಎಂದಳು. ಇನ್ನೊಂದು ಕಿವಿಯಲ್ಲಿ ಅವಳದೇ ದನಿ ಕೇಳಿಸಿತು.

“ಅಕ್ಕಂಗೆ ಅಕ್ಕಂದೇ ಫೋನು!” ಎಂದು ಉಪಾಧ್ಯಕ್ಷ ಹಲ್ಲು ಕಿಸಿದ. ಇಡೀ ಸಭಾಂಗಣವೇ ಗೊಳ್ಳೆಂದಿತು.

ಅವಳ ಮೈಯೆಲ್ಲ ಉರಿದುಹೋಯಿತು. ಕರೆ ಕಡಿದು, ಅದೇ ನಂಬರನ್ನು ಮತ್ತೆ ಒತ್ತಿ, ಬಡಿದುಕೊಳ್ಳುತ್ತಿದ್ದ ಫೋನನ್ನು ಒಯ್ದು ಮುಂದಿನ ಸಾಲಲ್ಲಿ ಕೂತಿದ್ದ ಪ್ರಿನ್ಸಿಪಾಲರ ಕೈಗೆ ತುರುಕಿದಳು. “ಎತ್ತಿ ಸರ್. ಮಾಡ್ತಿರೋದು ನಾನೇ. ನಂಗೂ ಯಾರಾದ್ರೂ ಬೇಕು.”

ಅವರು ಸುತ್ತ ನೋಡಿ, ಹಲ್ಲು ಕಿರಿದು, ಕರೆ ಕಡಿದರು. “ತಮಾಷೆ ಸಾಕು, ಹೋಗಿ ಕೂತ್ಕೋ. ಫೋಟೋ ತೆಗೀಬೇಕು.”

ಅವಳು ಕೂರಲಿಲ್ಲ. ತನ್ನ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡು ನೆಟ್ಟಗೆ ಬಾಗಿಲ ಕಡೆ ನಡೆದಳು. ಹಿಂದೆ ಪ್ರಿನ್ಸಿಪಾಲರ ಕೈಯಲ್ಲಿದ್ದ ಫೋನು ಮತ್ತೆ ಹೊಡೆದುಕೊಂಡಿತು.

“ಏಯ್, ನಿಲ್ಸೇ ನಿನ್ನಾಟ!” ಎಂದು ಅವರು ಕಿರುಚಿದರು.

ಅವಳು ತಿರುಗಿ, ಖಾಲಿ ಕೈಗಳೆರಡನ್ನೂ ಎತ್ತಿ ತೋರಿಸಿದಳು.

“ಈ ಸಲ ನಾನಲ್ಲ ಸರ್” ಎಂದಳು. “ಎತ್ತಿ.”